ರುದ್ರಸ್ವಾಮಿಯವರ ಫಿಲಂನಿಂದ ಕತ್ತರಿಸಿಕೊಂಡ ಆರು ಚಿತ್ರ

ರುದ್ರಸ್ವಾಮಿಯವರನ್ನು ನಾನು ಮೊದಲು ಕಂಡದ್ದು ೧೯೫೧ರಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಬನ್ನಿಮಂಟಪದ ನಮ್ಮ ಮನೆಯ ಮುಂದೆ ನಿಂತು, ಜಟಕಾ ಓಡಿಸುತ್ತಿದ್ದ ನನ್ನ ಯಜಮಾನರು ನಿಂಗಯ್ಯನವರನ್ನು, "ಕುಲುಕದೇ ಇರೋ ಗಾಡಿ ಸಿಗುತ್ತೇನಪ್ಪ?" ಎಂದು ಕೇಳಿದರು.

"ನಿಂತಿರೋ ಗಾಡಿ ಒಂದೇ ಸ್ವಾಮಿ, ಕುಲುಕ್ದೇ ಇರೋದು," ಎಂದರು ನಮ್ಮವರು.

ರುದ್ರಸ್ವಾಮಿಯವರು ನಕ್ಕುಬಿಟ್ಟರು. ಓಡುವ ಗಾಡಿಯಿಂದ ಊರಿನ ಚಿತ್ರ ತೆಗೆಯಬೇಕಿತ್ತು, ಕ್ಯಾಮೆರಾ ಅಲುಗಬಾರದು. ನನ್ನ ಕಡೆ ತಿರುಗಿ ಒಂದು ಕಂಬಳಿ ಕೇಳಿದರು. ಎಂಟು ಮಡಿಕೆ ಮಾಡಿ ಕ್ಯಾಮೆರಾದ ಕೆಳಗೆ ಹಾಕಿಕೊಂಡು ಹೋದರು. ಕಂಬಳಿ ವಾಪಸು ಬರಲಿಲ್ಲ. ಐದು ವರ್ಷ ನಮ್ಮವರ ಗಾಡಿಯೇ ಅವರ ಗಾಡಿಯಾಯಿತು.

ಅವರು ಬೊಂಬಾಯಿಯಲ್ಲಿ ಕ್ಯಾಮೆರಾ ಕೆಲಸ ಕಲಿತವರು. ಮದುವೆ ಆಗಿರಲಿಲ್ಲ, ಯಾದವಗಿರಿಯಲ್ಲಿ ಒಬ್ಬರೇ ಇದ್ದರು. ಕಥೆಯ ಸಿನಿಮಾ ಅಲ್ಲ, ನಡೆಯುವುದನ್ನು ನಡೆದ ಹಾಗೆ ತೋರಿಸುವ ಸಣ್ಣ ಚಿತ್ರಗಳು ಅವರವು. ನಾಲೆ ತೋಡುವುದು, ಸಿಡುಬಿಗೆ ಚುಚ್ಚುವುದು, ಇಂಥವು. ಎಲ್ಲಾ ಸರ್ಕಾರದವರು ಹೇಳಿ ಮಾಡಿಸಿದ್ದು. ೧೯೫೬ರಲ್ಲಿ ತಾವೇ ನಿರ್ಮಾಪಕರಾಗಿ ಜಟಕಾದವರ ಮೇಲೆ ಒಂದು ಚಿತ್ರ ತೆಗೆದರು. ಅದರಲ್ಲಿ ನಮ್ಮವರು ಕುದುರೆಯ ಮೈ ತಿಕ್ಕುತ್ತಾ ಒಮ್ಮೆ ತಿರುಗಿ ನಗುತ್ತಾರೆ. ಆ ಚಿತ್ರ ಸಿದ್ಧವಾಗುವ ಮೊದಲೇ ನಮ್ಮವರು ಜ್ವರ ಬಂದು ಹೋಗಿಬಿಟ್ಟರು.

ರುದ್ರಸ್ವಾಮಿಯವರು ನನಗೆ ಫಿಲಂ ತುಂಡು ಜೋಡಿಸುವ ಕೆಲಸ ಕೊಟ್ಟರು. ತುದಿಯನ್ನು ಬ್ಲೇಡಿನಿಂದ ಹೆರೆದು, ಅಂಟು ಸವರಿ, ಒತ್ತಿ ಹಿಡಿದು ಇಪ್ಪತ್ತು ಎಣಿಸಬೇಕು. ನನಗೆ ಓದು ಬರುತ್ತಿರಲಿಲ್ಲ. ತುಂಡುಗಳ ಮೇಲೆ ಬರೆದ ಅಂಕಿಗಳನ್ನು ಅವರೇ ಕಲಿಸಿದರು.

ನಮ್ಮವರದು ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ವರ್ಷ ತುಂಬುವುದರೊಳಗೆ ಮುಖ ಮಾಸತೊಡಗಿತ್ತು. ಮೂಗು ನೆನಪಿಗೆ ಬಂದರೆ ಹಲ್ಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಷದ ಹಬ್ಬ ಬಂತು. ನಮ್ಮಲ್ಲಿ ಆ ಹಬ್ಬಕ್ಕೆ, ಮಾಂಸದ ಬಾಡೂಟ ಸೇರಿ ಹೋದವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಎಲೆ ಹಾಕಿ ಎಡೆ ಇಡುತ್ತೇವೆ. ಯಾವ ಮುಖದ ಮುಂದೆ ಇಡಲಿ? ಫಿಲಂನಲ್ಲಿ ಅವರು ನಗುವ ಜಾಗದಿಂದ, ಒಂದರ ಕೆಳಗೊಂದು ಇರುವ ಪುಟ್ಟ ಚಿತ್ರಗಳಲ್ಲಿ ಆರನ್ನು ಕತ್ತರಿಸಿಕೊಂಡೆ. ಉಳಿದದ್ದನ್ನು ಗುರುತು ಸಿಗದ ಹಾಗೆ ಜೋಡಿಸಿದೆ. ಎಡೆಯ ಮುಂದೆ ನಿಲ್ಲಿಸಿ ಹಿಂದೆ ದೀಪ ಇಟ್ಟರೆ, ಉಗುರಿನಷ್ಟು ಮುಖ, ಆರು ಸಲ ನಕ್ಕಿತು.

ಕೈಗೆ ಸಿಗದ ಜೋಡಣೆ ಪರದೆಯ ಮೇಲೆ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ವಾರ ಕಳೆದು, ಚಿತ್ರವನ್ನು ಊರೂರಿನ ಟಾಕೀಸುಗಳಿಗೆ ಕಳಿಸಬಹುದೇ ಎಂದು ನೋಡಲು ಒಬ್ಬ ಆಫೀಸರು ಬಂದರು. ಪರದೆಯಲ್ಲಿ ಕುದುರೆಯ ಬೆನ್ನ ಮೇಲಿದ್ದ ನಮ್ಮವರ ಕೈ ತಟಕ್ಕನೆ ಅದರ ಕುತ್ತಿಗೆಗೆ ಹಾರಿತು.

"ಕುದುರೆ ನೆಗೆಯೋದು ನೋಡಿದ್ದೆ ಕಣ್ರೀ, ಕೈ ನೆಗೆಯೋದು ಇವತ್ತೇ ನೋಡಿದ್ದು," ಎಂದರು ಆಫೀಸರು. "ಇಷ್ಟು ಒರಟು ಕೆಲಸಾನ ಹೇಗ್ರೀ ಕಳಿಸೋದು?" ಎದ್ದು ಹೋದರು.

ರುದ್ರಸ್ವಾಮಿಯವರು ಫಿಲಂ ಬಿಚ್ಚಿ ಬೆರಳಲ್ಲಿ ಸವರುತ್ತಾ ಆ ಜಾಗದಲ್ಲಿ ನಿಂತರು. "ಕೆಂಚಮ್ಮ, ಇಲ್ಲಿ ಆರು ಚಿತ್ರ ಇಲ್ಲ."

ನಡೆದದ್ದು ಹೇಳಿ, ಸೆರಗಿನ ಗಂಟು ಬಿಚ್ಚಿ ಆರನ್ನೂ ಮುಂದಿಟ್ಟೆ.

"ದೀಪದ ಹತ್ರ ಇಟ್ಟಿದ್ರಾ?" ಎಂದು ಗದರಿದರು. "ಫಿಲಂಗೆ ಬೆಂಕಿ ಹೊತ್ಕೊಂಡ್ಬುಟ್ಟಿದ್ರೆ ಏನ್ ಗತಿ ಕಣಮ್ಮ! ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ, ಸ್ವಾಮಿ."

ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಹೌದು, ಅಂತಿದ್ದೆ," ಎಂದರು.

ಮೂಲ ಫಿಲಂ ಇದ್ದ ಮದರಾಸಿನಿಂದ ಆ ಜಾಗಕ್ಕೆ ಹೊಸ ತುಂಡು ತರಿಸಿದರು. ಅದರ ಜೊತೆಗೇ ನಮ್ಮವರ ನಗುವ ಮುಖದ ದೊಡ್ಡ ಫೋಟೋ ಬಂತು. ಕಟ್ಟು ಹಾಕಿಸಿ, ನಮ್ಮ ಗೋಡೆಗೆ ತಾವೇ ಮೊಳೆ ಹೊಡೆದರು. ಮೊಳೆ ಸೊಟ್ಟಗಾಯಿತು. ಚಿತ್ರ ಟಾಕೀಸು ಸೇರಿದ್ದು ಎರಡು ವರ್ಷ ತಡವಾಗಿ. ಯಾಕೆ ತಡವಾಯಿತೆಂದು ಅವರು ಯಾರಿಗೂ ಹೇಳಲಿಲ್ಲ.

೧೯೬೪ರಲ್ಲಿ ಅವರು ಹಾಸಿಗೆ ಹಿಡಿದರು. ಪಕ್ಷದ ಹಬ್ಬಕ್ಕೆ ನಾಲ್ಕು ದಿನ ಇತ್ತು. ಗಂಜಿ ಕುಡಿಸಲು ಹೋಗಿದ್ದೆ.

"ನಮ್ಮ ಜನದಲ್ಲಿ ಈ ಹಬ್ಬ ಮಾಡಲ್ಲ. ಮಾಡೋ ಹಾಗಿದ್ರೂ ನನಗೆ ಮಾಡೋರು ಯಾರು?" ಎಂದರು.

"ಈಗ್ಯಾಕೆ ಆ ಮಾತು ಸ್ವಾಮಿ? ಕುಡೀರಿ."

ಒಂದು ಗುಟುಕು ಕುಡಿದು ಉಸಿರು ಎಳೆದುಕೊಂಡರು.

"ಬಾಡು ಮಾತ್ರ ಬೇಡ. ನಿಂಗಯ್ಯನ ಪಕ್ಕ ನನಗೂ ಒಂದೆಲೆ ಹಾಕ್ತೀರಾ, ಕೆಂಚಮ್ಮ?"