ಒಂದು ದಿನ ಮುಂಚಿನ ಶುಭಾಶಯ

ಅಮೆರಿಕದ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದ ಎರಡನೆಯ ವರ್ಷ ನಾನೂ ನನ್ನ ರೂಮ್‌ಮೇಟೂ ಸಂಜೆಯ ಜರ್ಮನ್ ತರಗತಿಗೆ ಸೇರಿದೆವು. ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವ ಆಸೆ ಇದ್ದದ್ದು ನನಗೆ. ಧಾರವಾಡದ ಅವಳು ಸೇರಿದ್ದು, ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತರೆ ಬೇಜಾರಾಗುತ್ತದೆ ಎಂದು.

ಆ ವರ್ಷದ ನನ್ನ ಡೈರಿಯ ಕೊನೆಯ ಪುಟದಲ್ಲಿ ಎರಡು ಸಾಲು ಗೀಟುಗಳಿವೆ. ಟೀಚರ್ 'ತುಂಬ ಚೆನ್ನಾಗಿದೆ' ಎಂದಾಗಲೆಲ್ಲ ಒಂದು ಗೀಟು. ಮೇಲಿನದು ನನ್ನ ಸಾಲು, ಕೆಳಗಿನದು ಅವಳದು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವಳ ಗೀಟುಗಳಿಗೆ ಜಾಗ ಸಾಲದೆ ಹೊಸ ಸಾಲು ಹಾಕಬೇಕಾಯಿತು.

ಟೀಚರ್ ಅರವತ್ತು ದಾಟಿದ ಜರ್ಮನ್ ಹೆಂಗಸು. ಗಂಡ ತೀರಿಕೊಂಡ ಮೇಲೆ ಡಲ್ಲಾಸ್‌ನಲ್ಲಿ ಒಬ್ಬರೇ ಇದ್ದರು. ಶನಿವಾರ ನಾಲ್ಕು ಗಂಟೆಗೆ ನಮ್ಮನ್ನೆಲ್ಲ ಮನೆಗೆ ಕಾಫಿಗೆ ಕರೆಯುತ್ತಿದ್ದರು. ಕಾಫಿ, ಕೇಕು, ಬರೀ ಜರ್ಮನ್ ಮಾತು. ನಾನು ನಾಲ್ಕಕ್ಕೆ ಸರಿಯಾಗಿ ಬೆಲ್ ಒತ್ತುತ್ತಿದ್ದೆ. ರೂಮ್‌ಮೇಟ್ ಟ್ರೈನ್ ತಪ್ಪಿಸಿಕೊಂಡು ನಾಲ್ಕೂವರೆಗೆ ಬಂದು, ತಪ್ಪು ತಪ್ಪು ಜರ್ಮನ್‌ನಲ್ಲಿ ಟ್ರೈನನ್ನೇ ಬೈಯುತ್ತಿದ್ದಳು. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವಳ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತಿದ್ದರು.

ಟೀಚರ್ ಮೊದಲ ಶನಿವಾರವೇ ಒಂದು ಮಾತು ಹೇಳಿದ್ದರು. ಕ್ರಿಸ್‌ಮಸ್ ಹಿಂದಿನ ಸಂಜೆ ಅವರ ಮನೆಯಲ್ಲಿ ಮರಕ್ಕೆ ಬಲ್ಬು ಹಾಕುವುದಿಲ್ಲ, ನಿಜವಾದ ಮೇಣದಬತ್ತಿ ಹಚ್ಚುತ್ತಾರೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟಿರುತ್ತಾರೆ. ಅದು ಮನೆಯವರ ಹಬ್ಬ. ಮಗಳ ಸಂಸಾರ ಬಂದರೆ ಮೇಜಿನಲ್ಲಿ ಒಂದೇ ಕುರ್ಚಿ ಉಳಿಯುತ್ತದೆ. ಅದಕ್ಕೆ ಪ್ರತಿ ವರ್ಷ ತರಗತಿಯಿಂದ ಒಬ್ಬರನ್ನು ಮಾತ್ರ ಕರೆಯುತ್ತಾರೆ. ಆ ಕುರ್ಚಿ ನನಗೆ ಬೇಕಾಗಿತ್ತು.

ನವೆಂಬರ್‌ನಲ್ಲಿ ಟೀಚರ್ ಹುಟ್ಟುಹಬ್ಬ. ಅವರು ಎಂದೋ ಮಾತಿನ ನಡುವೆ ಹೇಳಿದ್ದನ್ನು ನಾನು ಬರೆದಿಟ್ಟುಕೊಂಡಿದ್ದೆ. ರೂಮ್‌ಮೇಟ್‌ಗೆ ನೆನಪಿರಲಿಲ್ಲ, ನಾನೂ ನೆನಪಿಸಲಿಲ್ಲ. ಅದು ಭಾನುವಾರ ಬಿದ್ದಿತ್ತು. ನಮ್ಮ ಮನೆಯಲ್ಲಿ ಹಿಂದಿನ ದಿನವೇ 'ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ' ಹೇಳುವವರಿಗೆ ಪ್ರೀತಿ ಜಾಸ್ತಿ ಎಂದು ಲೆಕ್ಕ. ಹಾಗಾಗಿ ಶನಿವಾರ, ಬಾಗಿಲು ತೆರೆದ ಕೂಡಲೇ, ಮೈಸೂರಿನಿಂದ ತಂದಿದ್ದ ಗಂಧದ ಪೆಟ್ಟಿಗೆ ಮುಂದೆ ಹಿಡಿದು, ಬಾಯಿಪಾಠ ಮಾಡಿದ್ದ ಶುಭಾಶಯವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದೆ.

ಟೀಚರ್ ಮುಖ ಇಳಿದುಹೋಯಿತು. ಅಪಶಕುನ ಕಳೆಯುವವರ ಹಾಗೆ ಬಾಗಿಲಿನ ಮರವನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದರು.

"ನಾಳೆ ಬೆಳಿಗ್ಗೆ ನಾನು ಏಳುತ್ತೇನೋ ಇಲ್ಲವೋ ಯಾರಿಗೆ ಗೊತ್ತು? ನಮ್ಮಲ್ಲಿ ಮುಂಚೆ ಹೇಳಬಾರದು," ಎಂದರು. ದನಿ ಮೆತ್ತಗೇ ಇತ್ತು. ಪೆಟ್ಟಿಗೆಯನ್ನು ಬಿಚ್ಚದೆ ಬೀರುವಿನ ಮೇಲಿಟ್ಟರು. ಅವತ್ತು ಕಾಫಿ ಮುಗಿಯುವವರೆಗೂ ಆಗಾಗ ಅವರ ಕೈ ಮೇಜಿನ ಮರ ಮುಟ್ಟುತ್ತಲೇ ಇತ್ತು.

ಮಂಗಳವಾರದ ತರಗತಿಗೆ ಟೀಚರೇ ಕೇಕು ಮಾಡಿ ತಂದರು. ಅವರಲ್ಲಿ ಹುಟ್ಟುಹಬ್ಬದವರೇ ಉಳಿದವರಿಗೆ ತಿನ್ನಿಸಬೇಕಂತೆ. ರೂಮ್‌ಮೇಟ್ ಅರ್ಧ ಕೇಕು ತಿಂದಾದ ಮೇಲೆ ನನ್ನ ಕಡೆ ತಿರುಗಿ, "ಯಾರದ್ಲೇ ಹುಟ್ಟಿದಹಬ್ಬ?" ಎಂದಳು. ಗೊತ್ತಾದದ್ದೇ ಎದ್ದು ಹೋಗಿ, ಕೆನೆ ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದುಕೊಂಡು ಏನೇನೋ ಒದರಿದಳು. ಟೀಚರ್ ಅವಳನ್ನು ತಬ್ಬಿಕೊಂಡರು. ತಡವಾಗಿ ಹೇಳಿದರೆ ಏನೂ ದೋಷವಿಲ್ಲವಂತೆ.

ಕುರ್ಚಿ ಅವಳಿಗೆ ಸಿಕ್ಕಿತು.

"ನೀನೂ ಬಾರಲೇ. ನಾ ಕೇಳ್ತೀನಿ, ಸ್ಟೂಲ್ ಹಾಕ್ತಾರ," ಎಂದಳು.

"ನನಗೆ ಓದೋದಿದೆ ಕಣೇ," ಎಂದೆ. ಸೆಮಿಸ್ಟರ್ ಮುಗಿದು ಆಗಲೇ ವಾರ ಕಳೆದಿತ್ತು.

ಇಪ್ಪತ್ತನಾಲ್ಕರ ಸಂಜೆ ನಾನು ಸಾರು ಬಿಸಿ ಮಾಡಿಕೊಂಡು ಊಟ ಮಾಡಿದೆ. ಅವಳು ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಅವಳ ಸ್ವೆಟರಿನಲ್ಲಿ ಮೇಣದ ವಾಸನೆ ಇತ್ತು.

"ಊಟಕ್ಕ ಬರೇ ಬಟಾಟಿ ಸಲಾಡ್. ಇದಕ್ಕ ಇಷ್ಟ್ ಒದ್ದಾಡಿದಿಯೇನಲೇ?"

"ಮೇಣದಬತ್ತಿ ಎಷ್ಟಿತ್ತು?"

"ಭಾಳ ಇದ್ವು."

"ಭಾಳ ಅಂದ್ರೆ ಎಷ್ಟೇ?"

"ಯಾರ್ ಎಣಸ್ತಾರ್ಲೇ ಅದನ್ನ," ಎಂದು ಶೂ ಬಿಚ್ಚಿ ಮಲಗಿಬಿಟ್ಟಳು.

ನಾನಾಗಿದ್ದರೆ ಕೆಳಗಿನ ಕೊಂಬೆಯಿಂದ ಶುರುಮಾಡಿ ಎಣಿಸುತ್ತಿದ್ದೆ. ಡೈರಿಯ ಆ ದಿನದ ಪುಟದಲ್ಲಿ 'ಮೇಣದಬತ್ತಿ' ಎಂದು ಬರೆದು ಮುಂದೆ ಜಾಗ ಬಿಟ್ಟೆ. ಈಗಲೂ ಅಲ್ಲಿ ಏನೂ ಇಲ್ಲ.