ನೇರಳೆ ಬಣ್ಣ ಬಂತು ಎಂದು ಬರೆದದ್ದು

ದೊಡ್ಡಬಳ್ಳಾಪುರದಲ್ಲಿ ನಾನು ಡಿಗ್ರಿ ಓದಿದ ಕಾಲೇಜಿನ ಲ್ಯಾಬಿನಲ್ಲಿ ಹುಡುಗರು ತಯಾರಿಸಿದ ಆಸ್ಪಿರಿನ್ ಒಮ್ಮೆಯೂ ಕೆಟ್ಟದ್ದಿಲ್ಲ. ಫಲಿತಾಂಶ ಸೀನಿಯರ್‌ಗಳ ರೆಕಾರ್ಡಿನಿಂದ ಇಳಿದು ಬರುತ್ತಿತ್ತು. ಅದರ ಮೇಲಿನ ಟೀ ಕಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಕಲು ಮಾಡುತ್ತಿದ್ದೆವು.

ನಕಲು ನನ್ನ ಕಸುಬೇ. ಮಧುರೆ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮಪ್ಪನ ಕೆಮ್ಮಿನವರೆಗೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನಮ್ಮ ಆಸ್ಪಿರಿನ್ ಪ್ರಯೋಗದ ದಿನ ಸ್ಯಾಲಿಸಿಲಿಕ್ ಆಮ್ಲಕ್ಕೆ ಬೆರೆಸಬೇಕಾದ್ದನ್ನೆಲ್ಲ ಬೆರೆಸಿ, ಫ್ಲಾಸ್ಕನ್ನು ಬಿಸಿನೀರಿನಲ್ಲಿಟ್ಟು, ಲ್ಯಾಬಿನ ಮೇಷ್ಟ್ರ ಹಾಗೆ ಮೂಗಿನಲ್ಲಿ ಹೇಳಿದೆ: "ಹದಿನೈದು ನಿಮಿಷ ಅಂದ್ರೆ ಹದಿನೈದೇ ಕಣ್ರಪ್ಪಾ." ಎಲ್ಲರೂ ನಕ್ಕರು. ಆ ಖುಷಿಯಲ್ಲಿ ನಾನು ಐದೇ ನಿಮಿಷಕ್ಕೆ ಫ್ಲಾಸ್ಕ್ ಎತ್ತಿಬಿಟ್ಟೆ.

ತಣ್ಣೀರು ಹಾಕಿದಾಗ ಬಿಳಿ ಹರಳು ಬಂದವು. ನೋಡಲು ಚೆನ್ನಾಗಿಯೇ ಇದ್ದವು. ಒಂದು ಚಿಟಿಕೆಗೆ ಫೆರಿಕ್ ಕ್ಲೋರೈಡ್ ಬಿಟ್ಟೆ. ಆಮ್ಲ ಉಳಿಯದೆ ಆಸ್ಪಿರಿನ್ ಶುದ್ಧವಾಗಿದ್ದರೆ ನೇರಳೆ ಬಣ್ಣ ಬರಬಾರದು. ನನ್ನ ಟ್ಯೂಬು ಮಾಗಿದ ನೇರಳೆಹಣ್ಣಾಯಿತು.

"ಲೇ, ಬಣ್ಣ ಬರ್ಲಿಲ್ಲ ಅಂತ ಬರ್ಕೊಳ್ಳೋ ಸುಮ್ನೆ," ಎಂದ ಪಕ್ಕದವನು. "ಎಲ್ರೂ ಅದನ್ನೇ ಬರ್ದವ್ರೆ."

ನಾನು "ಬಂತು" ಎಂದು ಬರೆದೆ. ನಾನು ಯಾರನ್ನಾದರೂ ನಕಲು ಮಾಡಿದರೆ ಅದು ನಕಲೆಂದು ನೋಡುವವರಿಗೆ ಗೊತ್ತಿರುತ್ತದೆ. ಬಂದ ಬಣ್ಣವನ್ನು ಬರಲಿಲ್ಲ ಎಂದು ಬರೆಯುವುದು ಹಾಗಲ್ಲ.

ಮೇಷ್ಟ್ರು ರೆಕಾರ್ಡ್ ನೋಡಿ ಪೆನ್ನಿನ ಮುಚ್ಚಳ ಹಾಕಿದರು. ಅವರ ಸಹಿಯಿಲ್ಲದಿದ್ದರೆ ನನ್ನನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

"ಏನಪ್ಪಾ ಇದು? ತಿದ್ಕೊಂಡ್ ಬಾ."

"ಬಣ್ಣ ಬಂತಲ್ಲ ಸಾರ್. ತಿದ್ದಲ್ಲ."

"ಹೊರಗಿಂದ ಬರೋ ಪರೀಕ್ಷಕರು ಕೇಳಿದ್ರೆ?"

"ಐದ್ ನಿಮಿಷಕ್ಕೇ ಎತ್ಬಿಟ್ಟೆ ಅಂತೀನಿ."

"ಹದಿನೈದು ಅಂತ ನಾನ್ ಹೇಳಿರ್ಲಿಲ್ವಾ?"

"ಹೇಳಿದ್ರಿ ಸಾರ್. ನಾನೂ ಹೇಳ್ದೆ, ನಿಮ್ಮ ಥರಾನೇ."

ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಸಹಿ ಹಾಕುವುದಿಲ್ಲ ಎಂದರು.

"ಇನ್ನೊಂದ್ಸಲ ಮಾಡ್ತೀನಿ ಸಾರ್. ಆದ್ರೆ ಈ ಹಾಳೆ ಹರಿಯಲ್ಲ."

ಊಟದ ಹೊತ್ತಿನಲ್ಲಿ ಒಬ್ಬನೇ ನಿಂತು ಮಾಡಿದೆ. ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡಿರುವುದು ನನ್ನ ಮಟ್ಟಿಗೆ ದೊಡ್ಡ ಪ್ರಯೋಗ. ಹರಳನ್ನು ಮತ್ತೆ ಕರಗಿಸಿ, ಶೋಧಿಸಿ, ಒಣಗಿಸಿ ಪರೀಕ್ಷಿಸಿದೆ. ಈ ಸಲವೂ ಬಣ್ಣ ಪೂರ್ತಿ ಹೋಗಿರಲಿಲ್ಲ. "ತೀರಾ ತೆಳು ನೇರಳೆ" ಎಂದು ಬರೆದು ಟ್ಯೂಬು, ರೆಕಾರ್ಡ್ ಎರಡನ್ನೂ ಅವರ ಮುಂದಿಟ್ಟೆ.

ಮೇಷ್ಟ್ರು ಟ್ಯೂಬನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಷ್ಟು ಬಣ್ಣ ಯಾರಿಗಾದ್ರೂ ಬರೋದೇ," ಎಂದು ಮೆಲ್ಲಗೆ ಹೇಳಿ ಎರಡೂ ಹಾಳೆಗೆ ಸಹಿ ಹಾಕಿದರು.

ಆ ಪ್ರಯೋಗಕ್ಕೆ ಪಕ್ಕದವನಿಗೆ ನನಗಿಂತ ಹೆಚ್ಚು ಅಂಕ ಬಂತು. ಅವನು ಫೆರಿಕ್ ಕ್ಲೋರೈಡಿನ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.