ವರದಿ ಎಂಬ ಗುಂಡಿ

ಗುಂಡಿಗಳ ಮೇಲೆ ಬರೆದಿರುವುದನ್ನು ಓದಿ ಒತ್ತುವ ಅಭ್ಯಾಸ ನನಗಿಲ್ಲ. ನಮ್ಮ ಸಿಂಗಸಂದ್ರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬಾಗಿಲು ತೆರೆಯುವ ಗುಂಡಿ ಯಾವುದು, ಮುಚ್ಚುವುದು ಯಾವುದು ಎಂದು ಇವತ್ತಿಗೂ ಗೊಂದಲ. ಓಡೋಡಿ ಬರುವವರಿಗೆ ನೆರವಾಗಲು ಹೋಗಿ ಅವರ ಮೂಗಿನ ಮುಂದೆಯೇ ಬಾಗಿಲು ಹಾಕಿದ್ದೇನೆ. ಇಂಥ ನಾನು ಹೋದ ವರ್ಷ ಒಂದೇ ಒಂದು ಗುಂಡಿಯ ಮೇಲಿನ ಒಂದೇ ಒಂದು ಪದದ ಬೆನ್ನು ಹತ್ತಿದೆ ಎಂದರೆ ನಮ್ಮ ಮನೆಯವರೇ ನಂಬುವುದಿಲ್ಲ.

ಕಿವಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವುದು ನನ್ನ ವೃತ್ತಿ. ಮಗುವಿಗೆ ಪಾಠ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ತಾಯಿಗೆ ಧೈರ್ಯ ಹೇಳಬೇಕಾಗುತ್ತದೆ. ಆ ಧೈರ್ಯವನ್ನು ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಎಂದು ನಮ್ಮ ಮೇಲಿನ ಮನೆಯ ಶುಭಾ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗಿ. ಒಂದು ಭಾನುವಾರ ತಿಂಡಿ ತಿಂದು ಕೂತವಳು ಊಟದ ಹೊತ್ತಿಗೆ "ಆಯ್ತು ಆಂಟಿ" ಎಂದಳು. ಇಷ್ಟು ಬೇಗ ಹೇಗೆ ಎಂದು ಕೇಳಿದರೆ, "ನಾನೆಲ್ಲಿ ಮಾಡ್ದೆ? ಯಾರೋ ಮಾಡಿಟ್ಟಿದ್ರು, ತಂದು ಹಾಕ್ದೆ ಅಷ್ಟೆ. ಓಪನ್ ಸೋರ್ಸ್" ಎಂದಳು.

ನನ್ನ ಮುಖ ನೋಡಿ ಅವಳಿಗೆ ಕನಿಕರ ಬಂದಿರಬೇಕು. "ಸಾರು ಮಾತ್ರ ಅಲ್ಲ ಆಂಟಿ, ಸಾರಿನ ಪುಡಿ ಹದಾನೂ ಕೊಟ್ಬಿಟ್ಟಿದ್ದಾರೆ. ಮೆಂತ್ಯ ಜಾಸ್ತಿ ಆಯ್ತು ಅನ್ಸಿದ್ರೆ ನೀವೇ ಕಡಿಮೆ ಮಾಡ್ಕೋಬಹುದು."

ಇದು ನನ್ನನ್ನು ಇನ್ನಷ್ಟು ಚಿಂತೆಗೆ ಹಚ್ಚಿತು. ನನ್ನ ಅನುಭವದಲ್ಲಿ ಸಾರಿನ ಪುಡಿಯ ಹದವನ್ನು ಬಿಟ್ಟುಕೊಟ್ಟವರೇ ಇಲ್ಲ. ನಮ್ಮ ದೊಡ್ಡತ್ತೆಯನ್ನು ಕೇಳಿದಾಗಲೆಲ್ಲ "ಅದೇನಿಲ್ಲಮ್ಮ, ಕೈ ಅಂದಾಜು" ಎಂದು ಜಾರಿಕೊಳ್ಳುತ್ತಿದ್ದರು. ಕೊಟ್ಟ ಒಬ್ಬಿಬ್ಬರೂ ಯಾವುದೋ ಒಂದು ಸಾಮಾನನ್ನು ಬೇಕೆಂದೇ ಬಿಟ್ಟು ಹೇಳುತ್ತಿದ್ದರೆಂದು ನನ್ನ ಗುಮಾನಿ. ಹಾಗಿರುವಾಗ ಇಷ್ಟು ದೊಡ್ಡ ಯಂತ್ರವನ್ನು ಕಟ್ಟಿ, ಅದರ ಗುಟ್ಟನ್ನೂ ಬಿಚ್ಚಿ, ಸುಮ್ಮನೆ ಹಂಚುವವರು ಯಾರು? ಅವರಿಗೆ ಅತ್ತೆಯಂದಿರಿಲ್ಲವೆ? ಈ ಕುತೂಹಲ ಮನಸ್ಸಿನ ಮೂಲೆಯಲ್ಲಿ ಉಳಿಯಿತು.

ಸೈಟು ಚೆನ್ನಾಗಿಯೇ ನಡೆಯಿತು. ಪುಟದ ತುಂಬ ಕನ್ನಡ. ಲಗ್ಗೆರೆಯ ರೇಣುಕಾ ಅದಕ್ಕೆ ಸೇರಿದ್ದು ನನ್ನ ಒತ್ತಾಯಕ್ಕೆ. ಬಾಗಲಕೋಟೆ ಕಡೆಯವಳು, ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಮಗಳು ಪಾರುವಿಗೆ ಕಿವಿಯ ಯಂತ್ರ ಹಾಕಿಸಿ ತಿಂಗಳುಗಳಾದರೂ ಮಗು ತುಟಿ ಬಿಚ್ಚಿರಲಿಲ್ಲ. ಒಂದು ದಿನ ಉಪ್ಪಿಟ್ಟಿನ ಚಮಚವನ್ನು ಬಾಯಿಯ ಹತ್ತಿರ ತಂದಾಗ ಮಗು ಮುಖ ತಿರುಗಿಸಿ, "ಒಲ್ಲೆ" ಎಂದಿತು. ಮೊದಲ ಮಾತು! ರೇಣುಕಾ ಚಮಚ ಅಲ್ಲೇ ಬಿಟ್ಟು ಫೋನು ತೆಗೆದು ಎಲ್ಲವನ್ನೂ ಸೈಟಿನಲ್ಲಿ ಬರೆದಳು.

ಸಂಜೆಯೊಳಗೆ ಆ ಬರಹ ಮಾಯ. ಅದರ ಜಾಗದಲ್ಲಿ ರೇಣುಕಾಳಿಗೆ ಬಂದದ್ದು ಒಂದು ಸೂಚನೆ: ನಿಮ್ಮ ಬರಹ ಸೂಕ್ತವಲ್ಲವೆಂದು ಸದಸ್ಯರು ತಿಳಿಸಿದ್ದರಿಂದ ಮರೆಮಾಡಲಾಗಿದೆ.

ನಾನು ಫೋನ್ ಮಾಡಿದಾಗ ಅವಳ ದನಿ ಇಂಗಿಹೋಗಿತ್ತು. "ಯಾರ್ದೂ ತಪ್ಪಿಲ್ರಿ ಮೇಡಂ. ಅವ್ರ ಮಕ್ಕಳು ಇನ್ನಾ ಮಾತಾಡಿಲ್ಲ. ನಾ ಹಂಗ ಕುಣಿದಾಡಿ ಬರೀಬಾರ್ದಿತ್ರಿ. ಇನ್ನ ಬರಿಯಂಗಿಲ್ಲ."

ನನಗೆ ಸಿಟ್ಟು ಬಂತು. ಇನ್ನೊಬ್ಬರ ಮಗು ಮಾತಾಡಿದ್ದನ್ನು ಸಹಿಸದ ತಾಯಂದಿರು ನನ್ನ ಗುಂಪಿನಲ್ಲಿದ್ದಾರೆಯೆ? ಶುಭಾ ಒಳಹೊಕ್ಕು ನೋಡಿದಳು. ಬರಹದ ಕೆಳಗೆ 'ಮೆಚ್ಚುಗೆ', 'ಉತ್ತರ', 'ವರದಿ' ಎಂಬ ಗುಂಡಿಗಳಿದ್ದವು. ಹಲವರು ಮೂರನೆಯದನ್ನು ಒತ್ತಿದ್ದರು. ಹಾಗೆ ಒತ್ತಿದರೆ ಆಕ್ಷೇಪಣೆ ಎಂದರ್ಥವಂತೆ. ಆಕ್ಷೇಪಣೆಗಳು ಸೇರಿದರೆ ಯಂತ್ರ ತಾನಾಗಿ ಪರದೆ ಎಳೆಯುತ್ತದೆ. ಒತ್ತಿದವರಲ್ಲಿ ಮೊದಲಿಗರು ವರ್ತೂರಿನ ಮಂಜುಳಮ್ಮ, ಮೊಮ್ಮಗನಿಗಾಗಿ ಸೇರಿದವರು. ಅವರಿಗೇ ಫೋನ್ ಮಾಡಿ ಕೇಳಿದೆ.

"ಒಳ್ಳೆ ಇಸ್ಯ ಅಲ್ವಾ ಮೇಡಂ, ನಾಕು ಜನಕ್ಕೆ ಗೊತ್ತಾಗ್ಲಿ ಅಂತ ವರದಿ ಒತ್ತಿದೆ. ಇಂಗಾಯ್ತದೆ ಅಂತ ನಂಗೇನ್ ಗೊತ್ತು? ಆ ಹುಡುಗಿ ನಂಬರ್ ಕೊಡಿ, ನಾನೇ ಮಾತಾಡ್ತೀನಿ."

ಅವರು ಮಾತಾಡಿದರು. ಏನು ಹೇಳಿದರೋ ನನಗೆ ತಿಳಿಯದು, ಫೋನಿಟ್ಟ ಮೇಲೆ ರೇಣುಕಾ ಮತ್ತೆ ಸೈಟಿಗೆ ಬಂದಳು. ಶುಭಾ ಪರದೆ ಸರಿಸಿದಳು. ಆದರೆ ಆ ಪದ ಅಲ್ಲಿಯೇ ಕೂತಿತ್ತು. ಪದಗಳ ಮೇಲೆ ಬದುಕುವವಳು ನಾನು, ಸುಮ್ಮನಿರುವುದು ಹೇಗೆ?

"ಇದನ್ನ ಬರೆದವರನ್ನ ಕೇಳೋಕೆ ಆಗುತ್ತಾ?" ಎಂದೆ. "ಯಾಕಾಗಲ್ಲ, ಎಲ್ಲ ಓಪನ್ನೇ. ಇಂಗ್ಲಿಷಲ್ಲಿದ್ದಿದ್ದನ್ನ ಕನ್ನಡ ಮಾಡಿರೋದೂ ಇಂಥವರೇ ಯಾರೋ" ಎಂದು ಶುಭಾ ಅನುವಾದಗಳನ್ನು ತಿದ್ದುವ ಪುಟ ತೆರೆದುಕೊಟ್ಟಳು. 'ವರದಿ' ಎಂದು ಬರೆದವರು ಅಲ್ಲಿ ಹಳೇಪೇಪರ್ ಎಂಬ ಅಡ್ಡಹೆಸರಿನಲ್ಲಿದ್ದರು. ನಡೆದದ್ದನ್ನೆಲ್ಲ, ಉಪ್ಪಿಟ್ಟನ್ನೂ ಬಿಡದೆ, ಅವರಿಗೆ ಬರೆದೆ. ಉತ್ತರ ಬರುವುದೆಂದು ನಂಬಿರಲಿಲ್ಲ. ಎರಡೇ ದಿನದಲ್ಲಿ ಬಂತು.

"ನಾನು ನಿವೃತ್ತ ವರದಿಗಾರ. ರಿಪೋರ್ಟ್ ಎಂಬ ಪದ ಕಂಡರೆ ಕೈ ತಾನಾಗಿ ವರದಿ ಎಂದು ಬರೆಯುತ್ತದೆ. ನನ್ನ ಮುಂದೆ ಬರೀ ಪದಗಳಿದ್ದವು, ಗುಂಡಿಗಳಿರಲಿಲ್ಲ. ಒತ್ತಿದರೆ ಏನಾಗುತ್ತದೆಂದು ಯೋಚಿಸಲಿಲ್ಲ. ಇದುವರೆಗೆ ಯಾರೂ ತಪ್ಪು ತೋರಿಸದೆ ಇದ್ದದ್ದರಿಂದ ಇದನ್ನು ಕನ್ನಡದಲ್ಲಿ ಯಾರೂ ಬಳಸುತ್ತಿಲ್ಲವೆಂದೇ ತಿಳಿದಿದ್ದೆ. ಆ ಮಗುವಿನ ಹೆಸರೇನು?"

ಸಾರಿನ ಪುಡಿಯ ಹದ ಹಂಚುವವರ ಮುಖ ನನಗೆ ಕಂಡದ್ದು ಆಗ. ಅದು ಯಾವುದೋ ದೇಶದ ಮೇಧಾವಿಯ ಮುಖವಾಗಿರಲಿಲ್ಲ. ಸಂಜೆ ಕನ್ನಡಕ ಏರಿಸಿ, ಯಾರು ಓದುತ್ತಾರೋ ತಿಳಿಯದೆ, ಪದಕ್ಕೆ ಪದ ಹುಡುಕುತ್ತ ಕೂತ ಒಬ್ಬ ಹಿರಿಯರ ಮುಖ. ಹೆಸರು ಬರೆದು ಕಳಿಸಿದೆ. ಕನ್ನಡಕ ನನ್ನ ಊಹೆ.

ಆಮೇಲೆ ನಮ್ಮಿಬ್ಬರಿಗೆ ಜಗಳ. ನಾನು 'ದೂರು' ಎಂದೆ. ಅದರಲ್ಲಿ ಪೊಲೀಸ್ ಠಾಣೆಯ ವಾಸನೆಯಿದೆ ಎಂದರು. ಅವರು 'ಆಕ್ಷೇಪಿಸಿ' ಎಂದರು. ಮಂಜುಳಮ್ಮನವರ ಬಾಯಲ್ಲಿ ಅದೇನಾಗಬಹುದೆಂದು ಬರೆದು ತೋರಿಸಿದೆ. 'ಇದು ಸರಿಯಿಲ್ಲವೆಂದು ತಿಳಿಸಿ' ಎಂಬಲ್ಲಿ ಇಬ್ಬರೂ ಒಪ್ಪಿದೆವು. ಆದರೆ ಅಷ್ಟು ಉದ್ದದ ಮಾತು ಫೋನಿನ ಪರದೆಯಿಂದ ಆಚೆ ಚಾಚಿಕೊಂಡಿತು. ಕೊನೆಗೆ ಅವರೇ "ಠಾಣೆಯಾದರೂ ಪರವಾಗಿಲ್ಲ, ಜನರಿಗೆ ದಾರಿ ಗೊತ್ತಿದೆ" ಎಂದು ಸೋತರು. ತಂತ್ರಾಂಶದ ಉಸ್ತುವಾರಿ ನೋಡುವ ಪರದೇಶದವರೊಬ್ಬರು, ಕನ್ನಡದ ಒಂದಕ್ಷರವೂ ಬಾರದವರು, ಇಬ್ಬರದೂ ಒಪ್ಪಿಗೆಯಿದೆಯೇ ಎಂದಷ್ಟೇ ಕೇಳಿ ಒಳಗೆ ಸೇರಿಸಿದರು. ನಾನು ಪ್ರಪಂಚಕ್ಕೆ ಕೊಟ್ಟ ಕೊಡುಗೆ ಎರಡಕ್ಷರ. ಆ ದಿನವೆಲ್ಲ ಯಂತ್ರವನ್ನೇ ಕಟ್ಟಿದವಳ ಹಾಗೆ ಓಡಾಡಿದೆ.

ಹೊಸ ಗುಂಡಿ ನಮ್ಮ ಸೈಟಿಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಬಂದ ವಾರ ರೇಣುಕಾ ಫೋನ್ ಮಾಡಿದಳು.

"ಮೇಡಂ, ದೂರು ಅಂತ ಬಂದೈತಲ್ರಿ. ಪಾರೂ ಮ್ಯಾಲ ಒಂದು ಕೊಡ್ಲೇನ್ರಿ? ಮುಂಜಾನಿಂದ ಒಂದ ಸವನ ಕೇಳ್ತಾಳ್ರಿ. ಬಸ್ ಯಾಕ ನಿಂತತಿ, ಅಪ್ಪ ಯಾಕ ಹೋದ, ನಾಯಿ ಯಾಕ ಮಲಗೇತಿ. ತಲಿ ಚಿಟ್ಟ ಹಿಡದೈತ್ರಿ ನನಗ!"

ಧೈರ್ಯ ಹೇಳುವ ವೃತ್ತಿಯವಳಾದರೂ ಆ ದಿನ ನಾನು ಹೆದರಿಸಿದೆ. ಇದು ಇನ್ನೂ ಜಾಸ್ತಿಯಾಗುತ್ತದೆ, ಸಿದ್ಧವಾಗಿರು ಎಂದೆ. ರೇಣುಕಾ ಜೋರಾಗಿ ನಕ್ಕಳು. ಆ ನಗು ಕೇಳಿಸಿತೇನೋ, ಪಕ್ಕದಿಂದ ಒಂದು ಸಣ್ಣ ದನಿ "ಯಾಕ?" ಎಂದಿತು.